ಗುಡ್ಡಕ್ಕೆ ಹೊಂದಿಸಿದ ಕ್ಲಚ್ಚು, ಗುಡ್ಡಕ್ಕೆ ಹೊಂದದ ಸವಾರಿ

ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ವಾಹನವನ್ನು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಜನ ಕಣ್ಣಾರೆ ಕಂಡಿರಲಿಕ್ಕಿಲ್ಲ. ಆದರೆ ಅದರ ಹೊಟ್ಟೆಯೊಳಗಿನ ಕ್ಲಚ್ಚು ಅವರಿಗೆ ಅಪರಿಚಿತವಲ್ಲ. ಸಂತೆಗೆ ಹೋಗಿಬರುವ ಗೇರಿಲ್ಲದ ಸ್ಕೂಟರಿನಲ್ಲಿಯೂ, ರೆಸಾರ್ಟುಗಳ ಅಂಗಳದಲ್ಲಿ ನಿಂತಿರುವ ದಪ್ಪ ಚಕ್ರದ ಎಟಿವಿಗಳಲ್ಲಿಯೂ ಇರುವುದು ಅದೇ ತತ್ತ್ವ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. ಎಂಜಿನ್ನಿನ ವೇಗ ಹೆಚ್ಚಿದಂತೆ ಮುಂದಿನ ಪುಲ್ಲಿಯೊಳಗಿನ ತೂಕದ ತುಂಡುಗಳು ಹೊರಕ್ಕೆ ಸರಿದು ಪುಲ್ಲಿಯನ್ನು ಬಿಗಿಮಾಡುತ್ತವೆ; ಬೆಲ್ಟು ಮೇಲೇರುತ್ತದೆ; ಹಿಂದಿನ ಪುಲ್ಲಿಯ ಸ್ಪ್ರಿಂಗು ಅದಕ್ಕೆ ಎದುರೊತ್ತು ಕೊಡುತ್ತದೆ. ಈ ಜಗ್ಗಾಟದಿಂದಲೇ ಗೇರು ತಾನಾಗಿ ಬದಲಾಗುತ್ತದೆ.

ಅಮೆರಿಕದ ರಾಕಿ ಪರ್ವತಗಳಲ್ಲಿ ಮೂರು ಸಾವಿರ ಮೀಟರ್ ಎತ್ತರಕ್ಕೆ ಏರುವ ಸವಾರನು ಈ ತೂಕಗಳನ್ನು ತೆಗೆದು ಹಗುರವಾದವನ್ನು ಹಾಕುತ್ತಾನೆ. ಅದಕ್ಕೆ ಕಾರಣವಿದೆ. ಸುಮಾರು 300 ಮೀಟರ್ ಮೇಲೇರಿದಂತೆಲ್ಲ ಗಾಳಿ ತೆಳುವಾಗಿ ಎಂಜಿನ್ನು ಶೇಕಡಾ ಮೂರರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮೂರು ಸಾವಿರ ಮೀಟರಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗವೇ ಹೋಗಿರುತ್ತದೆ. ತೂಕ ಹಗುರವಾದರೆ ಎಂಜಿನ್ನು ತನ್ನ ಪೂರ್ಣ ವೇಗವನ್ನು ಮುಟ್ಟಿದ ಮೇಲಷ್ಟೇ ಗೇರು ಏರುತ್ತದೆ. ಲೆಕ್ಕ ಸರಿಯಾಗಿದೆ.

ಇದೇ ಲೆಕ್ಕವನ್ನು ಬಯಲುಸೀಮೆಗೆ ತರುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಶಿರಾ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ದೇವರಾಯನದುರ್ಗದ ತುದಿ, ಮಧುಗಿರಿಯ ಏಕಶಿಲಾ ಬೆಟ್ಟದ ತುದಿ ಎರಡೂ 1200 ಮೀಟರಿನ ಆಸುಪಾಸಿನಲ್ಲಿವೆ. ನಷ್ಟವಾಗುವ ಶಕ್ತಿ ಶೇಕಡಾ ಐದಾರು ಮಾತ್ರ. ಹಾಗಾದರೆ ಇಲ್ಲಿ ‘ಹಿಲ್ ಟ್ಯೂನಿಂಗ್’ ಎಂಬುದು ಯಾವುದಕ್ಕಾಗಿ? ತೆಳುಗಾಳಿಗಾಗಿ ಅಲ್ಲ. ಹಾದಿಯಿಲ್ಲದ ಇಳಿಜಾರನ್ನು ನೆಟ್ಟಗೆ ಏರುವುದಕ್ಕಾಗಿ. ದನಗಾಹಿಯೂ ಬಳಸಿ ಹತ್ತುವ ಕಡೆ ಚಕ್ರವನ್ನು ನುಗ್ಗಿಸುವುದಕ್ಕಾಗಿ.

ಈ ಗುಡ್ಡಗಳ ಮೇಲೆ ಮಣ್ಣೆಂಬುದು ಎಷ್ಟಿದೆ? ಬಂಡೆಯ ಮೇಲೆ ಗೇಣುದ್ದವಿದ್ದರೆ ಹೆಚ್ಚು. ಒಂದು ಅಂಗುಲ ಮಣ್ಣು ಕೂಡಲು ನೂರಾರು ವರ್ಷ ಬೇಕು. ಅದನ್ನು ಹಿಡಿದಿರುವುದು ಹುಲ್ಲಿನ ಬೇರು, ಕಗ್ಗಲಿ, ತುಗ್ಗಲಿ, ಬಂದರೆಯಂಥ ಕುರುಚಲು ಗಿಡಗಳು. ಮಳೆ ಕಡಿಮೆಯಾದ ಈ ನಾಡಿನಲ್ಲಿ ಬೀಳುವ ಹನಿ ಈ ಹೊದಿಕೆಯ ಮೂಲಕವೇ ಬಂಡೆಯ ಬಿರುಕಿಗೆ ಇಳಿಯಬೇಕು. ಹಾಗೆ ಇಳಿದ ನೀರು ತಗ್ಗಿನಲ್ಲಿ ಜಿನುಗಿ ಎದ್ದುದೇ ತಲಪರಿಗೆ. ತಲೆಮಾರುಗಳ ಕಾಲ ಈ ನಾಲ್ಕೂ ತಾಲ್ಲೂಕುಗಳ ತೋಟ, ಗದ್ದೆಗಳು ಬದುಕಿದ್ದು ಈ ಊಟೆಗಳಿಂದ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾಯುವ ಜಯಮಂಗಲಿಯೂ ಗುಡ್ಡದ ನೀರೇ.

ಚಕ್ರ ಹಾದ ಕಡೆ ಮಣ್ಣು ಅದುಮಿ ಗಟ್ಟಿಯಾಗುತ್ತದೆ; ನೀರು ಇಂಗುವುದಿಲ್ಲ, ಹರಿಯುತ್ತದೆ. ನೆಟ್ಟಗೆ ಏರಿದ ಚಕ್ರದ ಜಾಡು ಮೊದಲ ಮುಂಗಾರಿಗೆ ಕಾಲುವೆಯಾಗುತ್ತದೆ, ಕೆಲವು ಮಳೆಗಾಲಗಳಲ್ಲಿ ಕೊರಕಲಾಗುತ್ತದೆ. ಕೊಚ್ಚಿಹೋದ ಮಣ್ಣು ಕೆರೆಯ ಹೂಳಾಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಉಳಬೇಕೆಂಬುದು ಒಕ್ಕಲುತನದ ಮೊದಲ ಪಾಠ. 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆ ತುಮಕೂರು ಜಿಲ್ಲೆಯನ್ನೂ ಒಳಗೊಂಡಿತ್ತು. ಸಾಲದ ಹಣ ತಂದು, ರೈತರನ್ನು ಕೂಡಿಸಿ, ಹರಿಯುವ ನೀರನ್ನು ನಿಲ್ಲಿಸುವ ಬದುಗಳನ್ನು ಹಾಕಿಸಲಾಯಿತು. ರೈತ ಅಡ್ಡಲಾಗಿ ಹಾಕಿದ ಬದುವಿನ ತಲೆಯ ಮೇಲೆ ಮೋಜುಗಾರ ಉದ್ದಕ್ಕೆ ಗೀರೆಳೆಯುವುದಾದರೆ ಆ ಶ್ರಮವೆಲ್ಲ ಯಾರಿಗಾಗಿ?

ಸರಿಯಾಗಿ ಹೊಂದಿಸಿದ ಕ್ಲಚ್ಚಿನಿಂದ ಚಕ್ರ ಸುಮ್ಮನೆ ಗಿರಕಿ ಹೊಡೆಯುವುದಿಲ್ಲ, ಆದ್ದರಿಂದ ಮಣ್ಣಿಗೆ ಪೆಟ್ಟು ಕಡಿಮೆ ಎಂಬ ವಾದವಿದೆ. ಅರ್ಧ ನಿಜ. ಒಂದೇ ಇಳಿಜಾರಿನಲ್ಲಿ ಎರಡು ವಾಹನಗಳನ್ನು ಹೋಲಿಸಿದರೆ ಹೊಂದಿಸಿದ್ದು ಕಡಿಮೆ ಕೆರೆದೀತು. ಆದರೆ ಹೊಂದಿಸಿದ ವಾಹನ ಅದೇ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಹೊಂದಿಸದೆ ಏರಲಾಗದ ಇನ್ನೂ ಕಡಿದಾದ ಇಳಿಜಾರನ್ನು ಹುಡುಕಿ ಹೋಗುತ್ತದೆ. ಅಲ್ಲಿಯ ಮಣ್ಣು ಇನ್ನೂ ತೆಳು. ಯಂತ್ರದ ಸಾಮರ್ಥ್ಯ ಹೆಚ್ಚಿದಷ್ಟೂ ಗುಡ್ಡಕ್ಕಿದ್ದ ಸಹಜ ರಕ್ಷಣೆ ಕಳಚುತ್ತದೆ.

ಹಿಮದ ನಾಡಿನವರೇ ಈ ವಿಷಯದಲ್ಲಿ ಹೇಗೆ ನಡೆದುಕೊಂಡರು? ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು, 2013ರ ನಿಯಮದಂತೆ ದಿನಕ್ಕೆ ಪ್ರವೇಶಿಸುವ ಹಿಮವಾಹನ ತಂಡಗಳಿಗೆ ಮಿತಿ ಬಂತು. ಹೊಗೆಗೂ ಸದ್ದಿಗೂ ಮಿತಿ ಬಂತು. ಸಿದ್ಧಪಡಿಸಿದ ರಸ್ತೆ ಬಿಟ್ಟು ಇಳಿಯುವಂತಿಲ್ಲ. ನೆಲದ ಮೇಲೆ ಅಷ್ಟು ದಪ್ಪ ಹಿಮದ ಹೊದಿಕೆಯಿದ್ದೂ ಅವರು ಇಷ್ಟು ಎಚ್ಚರ ವಹಿಸಿದರು. ಬರಿಮೈಯ ಬಯಲುಸೀಮೆಯ ಗುಡ್ಡಕ್ಕೆ ಯಾವ ಎಚ್ಚರವೂ ಬೇಡವೇ?

ಪ್ರವಾಸೋದ್ಯಮದಿಂದ ಊರಿಗೆ ಕೆಲಸ ಬರುತ್ತದೆಂಬ ಮಾತನ್ನು ತಳ್ಳಿಹಾಕಬೇಕಿಲ್ಲ. ಬೆಟ್ಟ ತೋರಿಸುವ ಹುಡುಗನಿಗೆ, ಊಟ ಹಾಕುವ ಮನೆಗೆ ನಾಲ್ಕು ಕಾಸು ಸಿಗಲಿ. ಅದಕ್ಕೆ ಕಾಲ್ನಡಿಗೆಯ ಪ್ರವಾಸಿ ಸಾಕು. ಕಲ್ಲುಗಣಿಗಳೂ, ಮಿತಿಮೀರಿದ ಮೇವೂ, ಕೊಳವೆಬಾವಿಗಳೂ ಇದಕ್ಕಿಂತ ದೊಡ್ಡ ಗಾಯ ಮಾಡಿವೆಯೆಂಬುದೂ ನಿಜ. ಹಳೆಯ ಗಾಯವಿದೆಯೆಂಬ ಕಾರಣಕ್ಕೆ ಹೊಸದನ್ನು ಕೊರೆಯುವ ಹಕ್ಕು ಯಾರಿಗೂ ಹುಟ್ಟುವುದಿಲ್ಲ.

ಕಾನೂನು ಇಲ್ಲದಿಲ್ಲ. ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನೋಂದಣಿ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. ಆದರೆ ಕ್ಲಚ್ಚಿನೊಳಗಿನ ಕೆಲವು ಗ್ರಾಮುಗಳ ಬದಲಾವಣೆ ಯಾವ ನೋಂದಣಿ ಪತ್ರದಲ್ಲಿಯೂ ಕಾಣುವುದಿಲ್ಲ. ಆದುದರಿಂದ ಯಂತ್ರವನ್ನು ಕಾಯುವುದಕ್ಕಿಂತ ನೆಲವನ್ನು ಕಾಯಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು; ಸುಮಾರು 136 ಚದರ ಕಿಲೋಮೀಟರು. ಅಲ್ಲಿ ಅನುಮತಿಯಿಲ್ಲದೆ ಪ್ರವೇಶಿಸುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅದರಾಚೆಯ ಗೋಮಾಳ, ಗುಂಡುತೋಪು, ಬೋಳುಗುಡ್ಡಗಳಿಗೆ ಮಾತ್ರ ದಿಕ್ಕಿಲ್ಲ. ಅವುಗಳಿಗೆ ಗ್ರಾಮಸಭೆಯೇ ದಿಕ್ಕು. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ನಿರ್ವಹಣಾ ಸಮಿತಿ ಕಾಗದದಿಂದೆದ್ದು ಬರಲಿ. ರಸ್ತೆ ಬಿಟ್ಟು ವಾಹನ ಗುಡ್ಡಕ್ಕೆ ಹತ್ತಕೂಡದೆಂದು ಠರಾವು ಬರೆಯಲಿ.

ವಿದ್ಯಾರ್ಥಿಗಳಿಗೂ ಕೆಲಸವಿದೆ. ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಸಾಕು. ಮುಂಗಾರಿಗೆ ಮೊದಲು ತಮ್ಮೂರ ಗುಡ್ಡದ ಚಕ್ರದ ಜಾಡುಗಳ ಉದ್ದ, ಅಗಲ, ಆಳ ಬರೆದಿಡಲಿ. ಮಳೆ ನಿಂತ ಮೇಲೆ ಮತ್ತೆ ಅಳೆಯಲಿ. ಆ ಎರಡು ಅಂಕಿಗಳನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಹೋದ ಮಣ್ಣನ್ನು ಮರಳಿ ಹಾಕುವ ಬಿಡಿಭಾಗ ಯಾವ ಮೆಕ್ಯಾನಿಕ್ಕನ ಅಂಗಡಿಯಲ್ಲಿಯೂ ಸಿಗುವುದಿಲ್ಲ.