ಕಪಾಟಿನ ಮಸೂರವೂ ಗ್ರಹಣದ ಚಂದ್ರನೂ

ಖಗೋಳಶಾಸ್ತ್ರವು ಶ್ರೀಮಂತರ ಶಾಸ್ತ್ರವೆಂಬ ಭಾವನೆ ನಮ್ಮ ಶಾಲೆಗಳಲ್ಲಿ ಬಲವಾಗಿ ಬೇರೂರಿದೆ. ಪಠ್ಯಪುಸ್ತಕದಲ್ಲಿ ಗ್ರಹಣದ ಚಿತ್ರವುಂಟು, ಪರೀಕ್ಷೆಯಲ್ಲಿ ಗ್ರಹಣದ ಪ್ರಶ್ನೆಯುಂಟು. ಆದರೆ ಗ್ರಹಣವಾಗುವ ಹೊತ್ತಿಗೆ ಅನೇಕ ವಿದ್ಯಾರ್ಥಿಗಳು ಮುಚ್ಚಿದ ಕಿಟಕಿಗಳ ಒಳಗಿರುತ್ತಾರೆ. ದೂರದರ್ಶಕವನ್ನು ಕೊಳ್ಳಲು ಹಣವೆಲ್ಲಿ ಎಂಬುದು ಸಿದ್ಧವಾದ ಉತ್ತರ. ಮುಂಬಯಿಯಂತಹ ನಗರದಲ್ಲಿ ಕನ್ನಡ ಶಾಲೆಗಳನ್ನು ನಡೆಸುವವರ ಕೈ ಎಷ್ಟು ಬಿಗಿಯಾಗಿದೆಯೆಂಬುದನ್ನು ನಾವು ಬಲ್ಲೆವು. ಆದರೂ ಈ ಉತ್ತರವನ್ನು ನಾವು ಒಪ್ಪಲಾರೆವು.

ಫಿಲ್ಮಿನ ಕಾಲದ ಟೆಲಿಫೋಟೋ ಮಸೂರಗಳು ಇಂದು ಎಷ್ಟೋ ಮನೆಗಳ ಕಪಾಟುಗಳಲ್ಲಿಯೂ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಧೂಳು ಹಿಡಿದು ಕುಳಿತಿವೆ. ಫಿಲ್ಮಿನ ಬಳಕೆ ಕುಗ್ಗಿರಬಹುದು, ಜೊತೆಯ ಕ್ಯಾಮರಾ ಕೆಟ್ಟಿರಬಹುದು. ಗಾಜು ಮಾತ್ರ ತನ್ನ ಕೆಲಸವನ್ನು ಮರೆತಿಲ್ಲ. ಇವುಗಳಲ್ಲಿ ಅನೇಕವು 42 ಮಿ.ಮೀ. ವ್ಯಾಸದ ತಿರುಪುಳ್ಳವು. ಇಂದಿನ ಕನ್ನಡಿರಹಿತ ಡಿಜಿಟಲ್ ಕ್ಯಾಮರಾಗಳಲ್ಲಿ ಮಸೂರಕ್ಕೂ ಬಿಂಬ ಮೂಡುವ ಫಲಕಕ್ಕೂ ನಡುವಣ ಅಂತರ ಕಡಿಮೆ. ಆ ಕೊರತೆಯನ್ನು ತುಂಬುವ ಒಂದು ಲೋಹದ ಉಂಗುರವನ್ನು ಜೋಡಿಸಿದರೆ ಹಳೆಯ ಮಸೂರವು ಹೊಸ ಕ್ಯಾಮರಾಕ್ಕೆ ಒಗ್ಗಿಕೊಳ್ಳುತ್ತದೆ. ಬಿಂಬವನ್ನು ಕೈಯಿಂದಲೇ ಸ್ಫುಟಗೊಳಿಸಬೇಕು, ನಿಜ. ಆದರೆ ನಕ್ಷತ್ರಗಳು ಓಡಾಡುವ ಮಕ್ಕಳಲ್ಲ. ಪ್ರಕಾಶಮಾನವಾದ ತಾರೆಗಳ ಸುತ್ತ ನೇರಿಳೆಯ ಅಂಚು ಕಂಡರೆ ಮಸೂರದ ರಂಧ್ರವನ್ನು ತುಸು ಕಿರಿದುಗೊಳಿಸಬಹುದು. ಮಳೆಗಾಲದ ಬೂಷ್ಟಿನಿಂದ ಅದನ್ನು ಕಾಪಾಡಿದರೆ ಸಾಕು.

ಹೀಗೆ ಎರವಲು ಮಸೂರದಿಂದ ಶಾಸ್ತ್ರವೇ ಬೆಳೆದ ನಿದರ್ಶನಗಳುಂಟು. 1882ರ ಮಹಾಧೂಮಕೇತುವಿನ ಚಿತ್ರವನ್ನು ದಕ್ಷಿಣ ಆಫ್ರಿಕದ ಕೇಪ್ ವೀಕ್ಷಣಾಲಯದಲ್ಲಿ ತೆಗೆಯಲು ಡೇವಿಡ್ ಗಿಲ್ ಅವರು ಬಳಸಿದ್ದು, ಆ ಊರಿನ ಛಾಯಾಗ್ರಾಹಕನೊಬ್ಬನು ಜನರ ಭಾವಚಿತ್ರ ತೆಗೆಯುತ್ತಿದ್ದ ಮಸೂರವನ್ನು. ಧೂಮಕೇತುವಿನ ಹಿಂದೆ ಅಸಂಖ್ಯ ತಾರೆಗಳು ಮೂಡಿದ್ದನ್ನು ಕಂಡು, ಛಾಯಾಚಿತ್ರದಿಂದಲೇ ತಾರೆಗಳ ಪಟ್ಟಿ ಮಾಡಬಹುದೆಂಬ ಯೋಚನೆ ಅವರಿಗೆ ಹುಟ್ಟಿತು. ನಾಲ್ಕೂವರೆ ಲಕ್ಷ ತಾರೆಗಳ ಸೂಚಿ ಅದರ ಫಲ. ಅಮೆರಿಕದ ಬರ್ನಾರ್ಡ್ ಅವರು ಕಡುಬಡತನದಲ್ಲಿ ಬೆಳೆದು, ಬಾಲ್ಯದಲ್ಲಿಯೇ ಛಾಯಾಚಿತ್ರಶಾಲೆಯೊಂದರಲ್ಲಿ ದುಡಿದವರು. ಲಿಕ್ ವೀಕ್ಷಣಾಲಯದಲ್ಲಿ 1889ರಿಂದ ಅವರು ಆಕಾಶಗಂಗೆಯನ್ನು ಚಿತ್ರಿಸಿದ್ದು, ಭಾವಚಿತ್ರಕ್ಕೆಂದು 1859ರಲ್ಲಿ ತಯಾರಾದ ಮಸೂರದಿಂದ. 1892ರಲ್ಲಿ ಅದೇ ಮಸೂರದ ಚಿತ್ರದಲ್ಲಿ ಅವರು ಹೊಸ ಧೂಮಕೇತುವನ್ನು ಗುರುತಿಸಿದರು.

ಮಹಾ ವೀಕ್ಷಣಾಲಯಗಳ ಸೊಗಸಾದ ಚಿತ್ರಗಳು ಕೈಯೊಳಗಣ ಫೋನಿನಲ್ಲಿಯೇ ದೊರೆಯುತ್ತಿರುವಾಗ ನಮ್ಮ ಮಬ್ಬು ಚಿತ್ರವೇಕೆ, ಎಂದು ಕೆಲವರು ಕೇಳುವರು. ಅವರ ಚಿತ್ರವನ್ನು ನೋಡಿ ನಾವು ನಂಬುತ್ತೇವೆ. ನಮ್ಮ ಚಿತ್ರವನ್ನು ಅಳೆದು ನಾವು ತಿಳಿಯುತ್ತೇವೆ. ಭೇದವಿರುವುದು ಇಲ್ಲಿ. 300 ಮಿ.ಮೀ. ಸಂಗಮದೂರದ ಮಸೂರದಲ್ಲಿ ಚಂದ್ರನ ಬಿಂಬ ಸುಮಾರು 2.7 ಮಿ.ಮೀ. ಮಾತ್ರ. ಆದರೂ ಪಾರ್ಶ್ವಗ್ರಹಣದ ಅಂಥ ಒಂದು ಚಿತ್ರವನ್ನು ಹಿಗ್ಗಿಸಿ, ನೆರಳಿನ ಅಂಚಿನಲ್ಲಿ ಮೂರು ಬಿಂದುಗಳನ್ನು ಗುರುತಿಸಿ, ರೇಖಾಗಣಿತದಲ್ಲಿ ಕಲಿತಂತೆ ಅವುಗಳ ಮೂಲಕ ವೃತ್ತವನ್ನೆಳೆದರೆ, ಭೂಮಿಯ ನೆರಳು ಚಂದ್ರನ ವ್ಯಾಸದ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚಾಗಿರುವುದು ಕಾಣುತ್ತದೆ. ಚಂದ್ರನವರೆಗೆ ಸಾಗುವಷ್ಟರಲ್ಲಿ ಆ ನೆರಳು ಸುಮಾರು ಒಂದು ಚಂದ್ರವ್ಯಾಸದಷ್ಟು ಕಿರಿದಾಗಿರುತ್ತದೆ. ಅದನ್ನು ಕೂಡಿಸಿದರೆ ಭೂಮಿಯು ಚಂದ್ರನ ಮೂರೂವರೆ ಪಟ್ಟಿಗಿಂತ ಹೆಚ್ಚು ಅಗಲವೆಂದು ಸಿದ್ಧವಾಗುತ್ತದೆ. ಇಷ್ಟನ್ನು ಸ್ವಂತ ಕೈಯಿಂದ ಕಂಡುಕೊಂಡ ಹುಡುಗಿಗೆ ಗ್ರಹಣದ ಭಯವನ್ನು ಬಿಡಿಸಲು ಉಪದೇಶ ಬೇಕಾಗದು. ಹಿರಿಯರ ಶ್ರದ್ಧೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸ್ನಾನ ಜಪಗಳು ನಡೆಯಲಿ, ಕಿಟಕಿಯೊಂದು ತೆರೆದಿರಲಿ.

ತಾರೆಗಳ ಚಿತ್ರಣ ಇದಕ್ಕಿಂತ ಕಠಿನ. ಭೂಮಿ ಗಂಟೆಗೆ 15 ಅಂಶಗಳಷ್ಟು ತಿರುಗುವುದರಿಂದ, ಇಂಥ ಮಸೂರದಲ್ಲಿ ಎರಡು ಸೆಕೆಂಡುಗಳಲ್ಲಿಯೇ ತಾರೆಗಳು ಗೆರೆಗಳಾಗತೊಡಗುತ್ತವೆ. ಅದಕ್ಕೂ ಬಡವರ ಉಪಾಯವುಂಟು. ಎರಡು ಹಲಗೆಗಳನ್ನು ಕೀಲಿನಿಂದ ಜೋಡಿಸಿ, ಕೀಲಿನ ಅಕ್ಷವನ್ನು ಧ್ರುವತಾರೆಯತ್ತ ತಿರುಗಿಸಿ, ಕೀಲಿನಿಂದ 229 ಮಿ.ಮೀ. ದೂರದಲ್ಲಿ, ಒಂದು ಸುತ್ತಿಗೆ 1 ಮಿ.ಮೀ. ಏರುವ ತಿರುಪನ್ನು ನಿಮಿಷಕ್ಕೊಂದು ಸುತ್ತು ತಿರುಗಿಸಿದರೆ, ಮೇಲಿನ ಹಲಗೆಯ ಮೇಲಿನ ಕ್ಯಾಮರಾ ಆಕಾಶವನ್ನು ಹಿಂಬಾಲಿಸುತ್ತದೆ. ಶಾಲೆಯ ಬಡಗಿಯೇ ಇದನ್ನು ಮಾಡಿಕೊಟ್ಟಾನು.

ಸೂರ್ಯಗ್ರಹಣದ ಮಾತು ಬೇರೆ. ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವ ಸೌರಶೋಧಕವನ್ನು ಮಸೂರದ ಮುಂದೆ ಭದ್ರವಾಗಿ ಕಟ್ಟದೆ ಕ್ಯಾಮರಾವನ್ನು ಸೂರ್ಯನತ್ತ ತಿರುಗಿಸಲೇಕೂಡದು. ಟೆಲಿಫೋಟೋ ಮಸೂರ ಬೆಂಕಿ ಹೊತ್ತಿಸಬಲ್ಲುದು. ಕಣ್ಣನ್ನು ಸುಡಲು ಅದಕ್ಕೆ ಕ್ಷಣ ಸಾಕು. ಶಿಕ್ಷಕರಿಲ್ಲದೆ ಈ ಕೆಲಸ ಬೇಡ.

ಚಂದ್ರಗ್ರಹಣಕ್ಕಾದರೋ ಈ ಯಾವ ಭಯವೂ ಇಲ್ಲ. 2028ರ ಡಿಸೆಂಬರ್ 31ರ ರಾತ್ರಿ ಭಾರತದಲ್ಲೆಲ್ಲ ಕಾಣುವ ಪೂರ್ಣ ಚಂದ್ರಗ್ರಹಣವಿದೆ. ಎಂಟೂವರೆಯ ಅನಂತರ ನೆರಳು ತಾಗಿ, ಒಂಬತ್ತೂ ಮುಕ್ಕಾಲರ ಸುಮಾರಿಗೆ ಚಂದ್ರನು ಪೂರ್ತಿ ಮುಳುಗಿ, 71 ನಿಮಿಷ ತಾಮ್ರವರ್ಣದಲ್ಲಿರುವನು. ಮುಂಬಯಿಗೆ ಅದು ಮಳೆಯಿಲ್ಲದ ಕಾಲ. ಚಂದ್ರನಿಗೆ ನಗರದ ದೀಪಗಳೂ ಅಡ್ಡಿಯಲ್ಲ. ಆದುದರಿಂದ ನಮ್ಮ ಸೂಚನೆಯಿಷ್ಟೆ: ಪಾಲಕರೂ ಹಳೆಯ ವಿದ್ಯಾರ್ಥಿಗಳೂ ತಮ್ಮ ಕಪಾಟುಗಳನ್ನು ತೆರೆದು ನೋಡಲಿ, ಬಳಸದ ಮಸೂರವಿದ್ದರೆ ಶಾಲೆಗೆ ಕೊಡಲಿ, ಪ್ರತಿ ಹುಣ್ಣಿಮೆಯಂದು ಮಕ್ಕಳು ಶಾಲೆಯ ಮಾಳಿಗೆಯ ಮೇಲೆ ಅಭ್ಯಾಸ ಮಾಡಲಿ. ಆ ರಾತ್ರಿಯ ಚಿತ್ರವೊಂದು, ಅದನ್ನು ತೆಗೆದವರ ಅಳತೆಯೊಂದಿಗೆ, ಮುಂದಿನ ವರ್ಷದ ಸಂಚಿಕೆಯ ಮುಖಪುಟವಾಗಲಿ.