ಊಟಸಹಿತ ವಸತಿ: ಅಡುಗೆಮನೆಯ ಕೂಲಿಯೂ ಲೆಕ್ಕಕ್ಕೆ ಬರಲಿ

2021ರಲ್ಲಿ ಬಳ್ಳಾರಿ ಜಿಲ್ಲೆ ಇಬ್ಭಾಗವಾಗಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಹಂಪಿ ಹೊಸ ಜಿಲ್ಲೆಯ ಪಾಲಾಯಿತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ ಮತ್ತು ಸಂಡೂರು ತಾಲ್ಲೂಕುಗಳು ಹಳೆಯ ಜಿಲ್ಲೆಯಲ್ಲಿ ಉಳಿದವು. ವಿಶ್ವಪರಂಪರೆಯ ತಾಣವೇ ಕೈಬಿಟ್ಟ ಮೇಲೆ ಜಿಲ್ಲೆಗೆ ಪ್ರವಾಸೋದ್ಯಮದಲ್ಲಿ ಇನ್ನೇನು ಉಳಿಯಿತು ಎಂಬ ಪ್ರಶ್ನೆ ವರ್ತಕರ ಮನಸ್ಸಿನಲ್ಲಿ ಮೂಡುವುದು ಸಹಜ. ಆದರೆ ಪ್ರವಾಸಿಯ ಹಣದ ಬಹುಪಾಲು ಖರ್ಚಾಗುವುದು ಸ್ಮಾರಕದ ಮುಂದಲ್ಲ. ಆತ ಮಲಗುವ ಮತ್ತು ಉಣ್ಣುವ ಸ್ಥಳದಲ್ಲಿ. ಆ ಸ್ಥಳವು ಸಿರಿಗೇರಿಯಂತಹ ಊರಿನ ಒಂದು ರೈತನ ಮನೆಯೂ ಆಗಬಹುದು. ಹಾಗಾಗಬೇಕಾದರೆ ಊಟಸಹಿತ ವಸತಿ ಎಂಬ ಉದ್ಯಮದ ಆಧಾರ ಯಾವುದು ಎಂಬುದನ್ನು ಮೊದಲು ಅರಿಯಬೇಕು.

ಆಲ್ಪ್ಸ್ ಪರ್ವತ ಕಲಿಸಿದ ಪಾಠ

ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಮರದಿಂದ ಕಟ್ಟಿದ ಮನೆಗೆ ‘ಷ್ಯಾಲೆ’ ಎನ್ನುತ್ತಾರೆ. ಮೂಲತಃ ಅದು ದನಗಾಹಿಗಳ ಬಿಡಾರ. ಬೇಸಿಗೆಯಲ್ಲಿ ಹಸುಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋದವರು ಅಲ್ಲಿಯೇ ತಂಗಿ ಬೆಣ್ಣೆ, ಗಿಣ್ಣು ತಯಾರಿಸುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆ ಜನಪ್ರಿಯವಾದಂತೆ ಅಂತಹ ಮನೆಗಳು ಚಳಿಗಾಲದ ಅತಿಥಿಗೃಹಗಳಾದವು. ಬ್ರಿಟನ್ನಿನ ಪ್ರವಾಸ ಸಂಸ್ಥೆಗಳು ಇದಕ್ಕೊಂದು ವ್ಯವಸ್ಥಿತ ರೂಪ ಕೊಟ್ಟವು. ಸಾಮಾನ್ಯವಾಗಿ ಶನಿವಾರದಿಂದ ಶನಿವಾರದವರೆಗೆ ಒಂದು ವಾರದ ವಾಸ, ಬೆಳಗಿನ ಉಪಾಹಾರ, ಹಿಮದಿಂದ ಮರಳಿದಾಗ ಚಹಾದೊಂದಿಗೆ ಕೇಕು, ರಾತ್ರಿ ಹಲವು ಬಗೆಯ ಭೋಜನ. ಎಲ್ಲಕ್ಕೂ ಸೇರಿ ಒಂದೇ ದರ. ಅಡುಗೆ ಮಾಡಿ ಬಡಿಸಿ, ಕೊಠಡಿ ಗುಡಿಸುವವರು ಅದೇ ಮನೆಯಲ್ಲಿ ಅಥವಾ ಸಮೀಪದಲ್ಲಿ ವಾಸವಿರುವ ಒಬ್ಬಿಬ್ಬರು ತರುಣ ತರುಣಿಯರು.

ಈ ಸಿಬ್ಬಂದಿಗೆ ನಗದು ಸಂಬಳ ಅಷ್ಟೇನೂ ಇರಲಿಲ್ಲ. ಊಟ, ವಸತಿ ಮತ್ತು ಬಿಡುವಿನ ವೇಳೆಯಲ್ಲಿ ಸ್ಕೀ ಆಡುವ ಪರವಾನಗಿಯೇ ಪ್ರತಿಫಲದ ದೊಡ್ಡ ಭಾಗ. ಆದರೂ ಒಂದು ನಿಯಮವಿತ್ತು: ವಾರದಲ್ಲಿ ಕನಿಷ್ಠ ಒಂದು ದಿನ ಅಡುಗೆಯವರಿಗೆ ರಜೆ. ಆ ರಾತ್ರಿ ಅತಿಥಿಗಳು ಊರಿನ ಹೋಟೆಲಿನಲ್ಲಿ ಊಟ ಮಾಡಿಕೊಳ್ಳಬೇಕು. ದರಪಟ್ಟಿಯಲ್ಲಿಯೇ ಇದನ್ನು ಸ್ಪಷ್ಟಪಡಿಸುವುದರಿಂದ ಅತಿಥಿಗೆ ಮೋಸವೆನಿಸುವುದಿಲ್ಲ. ಊರಿನ ಹೋಟೆಲಿನವನಿಗೂ ವ್ಯಾಪಾರ ದೊರೆಯುತ್ತದೆ.

2021ರ ಜನವರಿಯಿಂದ ಬ್ರಿಟನ್ ಐರೋಪ್ಯ ಒಕ್ಕೂಟದ ಏಕ ಮಾರುಕಟ್ಟೆಯಿಂದ ಹೊರಬಿತ್ತು. ಬ್ರಿಟಿಷ್ ತರುಣರು ಪರವಾನಗಿ ಇಲ್ಲದೆ ಫ್ರಾನ್ಸ್, ಆಸ್ಟ್ರಿಯಗಳಲ್ಲಿ ಋತುಮಾನದ ಕೆಲಸ ಮಾಡುವ ಹಕ್ಕು ಕಳೆದುಕೊಂಡರು. ಪರಿಣಾಮವಾಗಿ ಬ್ರಿಟಿಷ್ ಸಂಸ್ಥೆಗಳು ನಡೆಸುತ್ತಿದ್ದ ಊಟಸಹಿತ ಷ್ಯಾಲೆಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಅನೇಕ ಮನೆಗಳನ್ನು ಅತಿಥಿಗಳೇ ಅಡುಗೆ ಮಾಡಿಕೊಳ್ಳುವ ಬಾಡಿಗೆ ಮನೆಗಳಾಗಿ ಪರಿವರ್ತಿಸಲಾಯಿತು. ಪರ್ವತ ಅಲ್ಲಿಯೇ ಇತ್ತು, ಹಿಮ ಬೀಳುತ್ತಲೇ ಇತ್ತು, ಮನೆಯೂ ಗಟ್ಟಿಯಾಗಿತ್ತು. ಇಲ್ಲವಾದದ್ದು ಅಗ್ಗದ ಕೂಲಿಗೆ ಒಲೆ ಹೊತ್ತಿಸುವ ಕೈ ಮಾತ್ರ. ಊಟಸಹಿತ ವಸತಿಯಲ್ಲಿ ಮಾರಾಟವಾಗುವ ಸರಕು ಕೊಠಡಿಯಲ್ಲ, ಅಡುಗೆಯವರ ದುಡಿಮೆ ಎಂಬ ಸತ್ಯ ಆಗ ಎದ್ದು ಕಂಡಿತು.

ಕರ್ನಾಟಕದ ಅನುಭವ

ಕರ್ನಾಟಕದಲ್ಲಿ ಷ್ಯಾಲೆಗೆ ಹತ್ತಿರವಾದ ವ್ಯವಸ್ಥೆಯೆಂದರೆ ಹೋಮ್‌ಸ್ಟೇ. 2000ದ ಆಸುಪಾಸಿನಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ ಕೊಡಗು ಮತ್ತು ಚಿಕ್ಕಮಗಳೂರಿನ ಅನೇಕ ಬೆಳೆಗಾರರು ತೋಟದ ಮನೆಯ ಒಂದೆರಡು ಕೊಠಡಿಗಳನ್ನು ಅತಿಥಿಗಳಿಗೆ ತೆರೆದರು. ಬೆಳೆ ಕೈಕೊಟ್ಟಾಗ ಮನೆಯೇ ಆಸರೆಯಾಯಿತು. ಅಲ್ಲಿಗೆ ಹೋದ ಬೆಂಗಳೂರಿನ ಕುಟುಂಬಗಳು ಮರಳಿ ಬಂದು ಹೊಗಳಿದ್ದು ಮಂಚವನ್ನಲ್ಲ; ಕಡಂಬುಟ್ಟು, ಅಕ್ಕಿರೊಟ್ಟಿಗಳನ್ನು.

ತುಂಗಭದ್ರೆಯ ಅಚ್ಚುಕಟ್ಟಿಗೂ ಇಂತಹ ಆಸರೆ ಬೇಕಾಗಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ, ಭತ್ತವೊಂದನ್ನೇ ನಂಬಿದ ಸಿರುಗುಪ್ಪ ಸೀಮೆಯ ಮನೆಗಳ ಬದುಕು ಎಷ್ಟು ಸಣ್ಣ ಸರಪಳಿಗೆ ತೂಗುಬಿದ್ದಿದೆ ಎಂಬುದು ಎಲ್ಲರಿಗೂ ಅರಿವಾಯಿತು. ಕಾಲುವೆಗೆ ನೀರು ಬಾರದ ವರ್ಷ ಗಿರಣಿ, ಗೊಬ್ಬರದಂಗಡಿ, ಟ್ರ್ಯಾಕ್ಟರ್ ಷೋರೂಮು, ಬಟ್ಟೆಯಂಗಡಿಗಳೆಲ್ಲ ಒಟ್ಟಿಗೆ ಸೊರಗುತ್ತವೆ. ರೈತನ ಮನೆಗೆ ಎರಡನೆಯ ಆದಾಯ ಬಂದರೆ ಅದರ ಲಾಭ ಪೇಟೆಗೂ ಸಲ್ಲುತ್ತದೆ.

ಅತಿಥಿ ಬರಲು ಕಾರಣಗಳಿಗೂ ಕೊರತೆಯಿಲ್ಲ. ತೆಕ್ಕಲಕೋಟೆಯ ಗುಡ್ಡಗಳಲ್ಲಿ ನವಶಿಲಾಯುಗದ ಜನವಸತಿಯ ಕುರುಹುಗಳಿವೆ. 1960ರ ದಶಕದಲ್ಲಿ ಪ್ರಾಕ್ತನ ವಿದ್ವಾಂಸ ಎಂ. ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದರು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ದೊರೆತ ಶಾಸನಗಳು ಅಶೋಕನ ಹೆಸರನ್ನೇ ಹೇಳುವ, ದೇಶದಲ್ಲಿ ಬೆರಳೆಣಿಕೆಯಷ್ಟಿರುವ ಶಾಸನಗಳ ಪೈಕಿ ಸೇರುತ್ತವೆ. ಕುರುಗೋಡಿನ ದೊಡ್ಡಬಸವೇಶ್ವರ, ಸಂಗನಕಲ್ಲು ಬೆಟ್ಟ, ಬಳ್ಳಾರಿಯ ಕೋಟೆ ಒಂದೊಂದು ದಿನಕ್ಕೆ ಸಾಕಾಗುವ ನೋಟಗಳು. ಹಂಪಿಗೆ ಬಂದ ಪ್ರವಾಸಿಯನ್ನು ಇನ್ನೆರಡು ದಿನ ಈ ಕಡೆಗೆ ಹೊರಳಿಸುವ ಶಕ್ತಿ ಇವಕ್ಕಿದೆ. ಆದರೆ ಉಳಿಸಿಕೊಳ್ಳುವ ಶಕ್ತಿ ಇರುವುದು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹೊಸ ಸೋನಾ ಮಸೂರಿ ಅನ್ನ, ಸಂಜೆಯ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿಗೆ.

ಮರೆತುಹೋಗುವ ಕೂಲಿ

ಈ ಊಟವನ್ನು ಮಾಡುವವರು ಯಾರು? ಮನೆಯಾಕೆ. ಹೋಮ್‌ಸ್ಟೇ ಯೋಜನೆಗಳನ್ನು ಬರೆಯುವಾಗ ಗಾರೆ, ಟೈಲ್ಸು, ಗೀಸರು, ಮಂಚಗಳ ಲೆಕ್ಕ ಪೈಸೆಗೆ ಪೈಸೆ ಇರುತ್ತದೆ. ಅಡುಗೆಯ ಕೂಲಿಯ ಸಾಲು ಮಾತ್ರ ಖಾಲಿ. ‘ಮನೆಯವರೇ ಮಾಡುತ್ತಾರೆ’ ಎಂಬುದು ಸಿದ್ಧ ಉತ್ತರ.

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಎರಡು ಕೊಠಡಿ, ನಾಲ್ವರು ಅತಿಥಿಗಳು, ಮೂರು ಹೊತ್ತಿನ ಊಟ ಸೇರಿ ತಲಾ 1,500 ರೂಪಾಯಿ ಎಂದರೆ ದಿನಕ್ಕೆ 6,000 ರೂಪಾಯಿ. ದಿನಸಿಗೆ 1,000, ವಿದ್ಯುತ್ತು ಮತ್ತು ಒಗೆತಕ್ಕೆ 600, ಕಾದಿರಿಸುವ ಸಂಸ್ಥೆಯ ದಲ್ಲಾಳಿ ಶೇ. 15ರಂತೆ 900 ಕಳೆದರೆ 3,500 ರೂಪಾಯಿ ಲಾಭವೆಂದು ತೋರುತ್ತದೆ. ಆದರೆ ಇಬ್ಬರು ಹೆಂಗಸರು ದಿನವಿಡೀ ದುಡಿದಿದ್ದಾರೆ. ತಲಾ 700 ರೂಪಾಯಿ ಕೂಲಿ ಹಿಡಿದರೆ ಉಳಿಯುವುದು 2,100. ಸಾಲದ ಬಡ್ಡಿ, ದುರಸ್ತಿ, ಅತಿಥಿಗಳಿಲ್ಲದ ದಿನಗಳ ನಷ್ಟ ಇದರಲ್ಲಿಯೇ ತೀರಬೇಕು. ಪಕ್ಕದೂರಿನವನು ಪೈಪೋಟಿಗೆ ಬಿದ್ದು ದರವನ್ನು 1,100ಕ್ಕೆ ಇಳಿಸಿದನೆನ್ನಿ. ದಲ್ಲಾಳಿ 660 ರೂಪಾಯಿಗೆ ಇಳಿಯುತ್ತದೆ. ಕೂಲಿ ಹಿಡಿಯದಿದ್ದರೆ ಇನ್ನೂ 2,140 ರೂಪಾಯಿ ಉಳಿದಂತೆ ಕಾಣುತ್ತದೆ. ಕೂಲಿ ಹಿಡಿದರೆ ಕೇವಲ 740. ಅಂದರೆ ದರದ ಕಡಿತವನ್ನು ಭರಿಸಿದವರು ಮಾಲೀಕರಲ್ಲ, ಒಲೆಯ ಮುಂದೆ ಕುಳಿತವರು.

ಪುಕ್ಕಟೆ ದುಡಿಮೆಯ ಮೇಲೆ ನಿಂತ ದರ ಬಹುಕಾಲ ನಿಲ್ಲದು. ಜಿಲ್ಲೆಯಲ್ಲಿ ಪ್ರವಾಸಕ್ಕೆ ಹಿತವಾದ ಕಾಲ ಅಕ್ಟೋಬರಿನಿಂದ ಫೆಬ್ರವರಿವರೆಗೆ. ಮುಂಗಾರಿನ ಭತ್ತದ ಕೊಯ್ಲೂ ಅದೇ ಅವಧಿಯಲ್ಲಿ ಬರುತ್ತದೆ. ಹೊಲದ ಆಳುಗಳಿಗೆ ಬುತ್ತಿ ಕಟ್ಟುವ ಕೈಗಳೇ ಅತಿಥಿಗೆ ರೊಟ್ಟಿ ಬಡಿಯಬೇಕು. ಮೊದಲ ವರ್ಷ ಉತ್ಸಾಹವಿರುತ್ತದೆ. ಮೂರನೆಯ ವರ್ಷ ರೊಟ್ಟಿಯ ಬದಲು ಪೇಟೆಯ ಬ್ರೆಡ್ಡು ತಟ್ಟೆಗೆ ಬರುತ್ತದೆ. ಬ್ರೆಡ್ಡು ತಿನ್ನಲು ಸಿರಿಗೇರಿಯವರೆಗೆ ಯಾರೂ ಬರುವುದಿಲ್ಲ.

ಮನೆಯ ಊಟವನ್ನು ಮಾರಾಟದ ಸರಕಾಗಿಸಿದರೆ ಆತಿಥ್ಯದ ಸಂಸ್ಕೃತಿಗೆ ಕುಂದು ಎಂಬ ಆಕ್ಷೇಪವುಂಟು. ಬಂಧುವಿಗೆ ಬಡಿಸಿದ ಅನ್ನಕ್ಕೆ ಬೆಲೆ ಕಟ್ಟಲಾಗದೆಂಬುದು ನಿಜ. ಆದರೆ ಮುಂಗಡ ಪಾವತಿಸಿ ಬಂದವನು ಗಿರಾಕಿ. ಆತನಿಂದ ಹಣ ಪಡೆದು, ಬಡಿಸಿದಾಕೆಗೆ ಮಾತ್ರ ಸಂಸ್ಕೃತಿಯ ಹೆಸರಿನಲ್ಲಿ ಏನನ್ನೂ ಕೊಡದಿರುವುದು ನ್ಯಾಯವೆನಿಸದು.

ಮಿತಿಯೊಳಗಿನ ಬೆಳವಣಿಗೆ

ಹಂಪಿಯ ಎದುರಿನ ವಿರೂಪಾಪುರಗಡ್ಡೆಯಲ್ಲಿ ನಿಯಮ ಮೀರಿ ಎದ್ದ ರೆಸಾರ್ಟುಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ 2020ರಲ್ಲಿ ನೆಲಸಮಗೊಳಿಸಲಾಯಿತು. ಹಾಕಿದ ಬಂಡವಾಳ ಮಣ್ಣುಪಾಲಾಯಿತು. 2025ರ ಮಾರ್ಚಿನಲ್ಲಿ ಸಾಣಾಪುರದ ಬಳಿ ಅತಿಥಿಗಳ ಮೇಲೆಯೂ ಹೋಮ್‌ಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆಯೂ ನಡೆದ ಘೋರ ದೌರ್ಜನ್ಯ, ರಕ್ಷಣೆಯಿಲ್ಲದ ಆತಿಥ್ಯ ಎಷ್ಟು ಅಪಾಯಕಾರಿ ಎಂಬುದನ್ನು ತೋರಿಸಿತು. ಆದ್ದರಿಂದ ನೋಂದಣಿ, ವಿದೇಶಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಸಂಬಂಧಿಸಿದ ಅಧಿಕಾರಿಗಳಿಗೆ ಸಲ್ಲಿಸುವುದು, ಪೊಲೀಸ್ ಠಾಣೆಯೊಂದಿಗೆ ಸಂಪರ್ಕ ಇವು ಕಿರುಕುಳವೆನಿಸಬಾರದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಯೋಜನೆ ಗರಿಷ್ಠ 6 ಕೊಠಡಿಗಳಿಗೆ ಮಿತಿ ಹಾಕಿರುವುದೂ ಮನೆ ಮನೆಯಾಗಿಯೇ ಉಳಿಯಲೆಂಬ ಉದ್ದೇಶದಿಂದ.

ವಾಣಿಜ್ಯ ಸಂಸ್ಥೆಯ ಪಾತ್ರ

ಈ ಕ್ಷೇತ್ರದಲ್ಲಿ ಜಿಲ್ಲೆಯ ವಾಣಿಜ್ಯೋದ್ಯಮ ಸಂಸ್ಥೆ ಕಟ್ಟಡ ಕಟ್ಟಬೇಕಾಗಿಲ್ಲ. ಲೆಕ್ಕ ಕಲಿಸಿದರೆ ಸಾಕು. ಮೊದಲನೆಯದಾಗಿ, ಅಡುಗೆಯ ಕೂಲಿಯನ್ನು ಕಡ್ಡಾಯವಾಗಿ ಒಳಗೊಂಡ ಒಂದು ಮಾದರಿ ದರಪಟ್ಟಿಯನ್ನು ಸಿದ್ಧಪಡಿಸಿ, ಅದಕ್ಕಿಂತ ಕೆಳಗೆ ಇಳಿಯುವುದು ನಷ್ಟವೆಂದು ಮನಗಾಣಿಸಬೇಕು. ಎರಡನೆಯದಾಗಿ, ಆ ಕೂಲಿ ಮನೆಯಾಕೆಯ ಸ್ವಂತ ಬ್ಯಾಂಕ್ ಖಾತೆಗೆ ಜಮೆಯಾಗುವ ಪದ್ಧತಿ ರೂಢಿಗೆ ಬರಬೇಕು. ಮುಂದೆ ಸಾಲ ಕೇಳುವಾಗ ಆ ಖಾತೆಯೇ ಆಕೆಯ ದಾಖಲೆ. ಮೂರನೆಯದಾಗಿ, ಷ್ಯಾಲೆಯಂತೆ ವಾರಕ್ಕೊಂದು ದಿನ ಒಲೆಗೆ ರಜೆ ಇರಬೇಕು. ಆ ದಿನ ಅತಿಥಿಗಳನ್ನು ಊರಿನ ಖಾನಾವಳಿಗೋ ಸ್ವಸಹಾಯ ಸಂಘದ ಅಡುಗೆ ಮನೆಗೋ ಕಳಿಸಿದರೆ ವ್ಯಾಪಾರ ನಾಲ್ಕು ಕಡೆ ಹಂಚಿಹೋಗುತ್ತದೆ. ಇಷ್ಟಕ್ಕೆ ತಗಲುವ ವೆಚ್ಚ ಒಂದು ವಿಚಾರ ಸಂಕಿರಣದ ವೆಚ್ಚಕ್ಕಿಂತ ಹೆಚ್ಚಾಗಲಾರದು.

ಹಂಪಿ ಜಿಲ್ಲೆಯ ಗಡಿಯಾಚೆ ಹೋಗಿದೆ. ಅದನ್ನು ಮರಳಿ ತರುವುದು ವರ್ತಕರ ಕೈಯಲ್ಲಿಲ್ಲ. ಹಂಪಿ ನೋಡಿದವನು ಮರುದಿನ ಎಲ್ಲಿ ಉಣ್ಣಬೇಕೆಂಬುದನ್ನು ನಿರ್ಧರಿಸುವ ಅವಕಾಶ ಮಾತ್ರ ಇನ್ನೂ ತೆರೆದಿದೆ. ಸಿರುಗುಪ್ಪ ಸೀಮೆಯಲ್ಲಿ ಅಕ್ಕಿಯ ಬೆಲೆ, ಗಿರಣಿಯ ಬಾಡಿಗೆ, ಹಮಾಲರ ಕೂಲಿ ಎಲ್ಲವೂ ನಿಗದಿಯಾಗಿವೆ. ಆ ಅಕ್ಕಿಯನ್ನು ಅನ್ನ ಮಾಡುವ ಕೈಯ ಕೂಲಿಯನ್ನೂ ನಿಗದಿಗೊಳಿಸಿದರೆ ಹೊಸ ಉದ್ಯಮಕ್ಕೆ ಭದ್ರವಾದ ಅಡಿಗಲ್ಲು ಬಿದ್ದಂತಾಗುತ್ತದೆ.