ಸಂಶೋಧನೆ ಯಾರ ಸೊತ್ತು?

ಕಾಫಿಯ ಎಲೆ, ಕಾಯಿಗಳನ್ನು ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರತಜ್ಞ ಎಂ. ಸಿ. ಕುಕ್ ಇಟ್ಟ ಹೆಸರು 'ಪೆಲಿಕುಲೇರಿಯಾ ಕೊಳೆರೋಗ'. ಕನ್ನಡ ಕೃಷಿಕರ ಬಾಯಿಮಾತು ಹೀಗೆ ಲ್ಯಾಟಿನ್ ನಾಮಧೇಯದೊಳಗೆ ಸೇರಿಹೋಯಿತು. ಪದವನ್ನೂ ತೋಟವನ್ನೂ ರೋಗದ ಮಾದರಿಯನ್ನೂ ವಿಜ್ಞಾನಕ್ಕೆ ಒದಗಿಸಿದ ಈ ಸೀಮೆಗೆ ಪ್ರತಿಯಾಗಿ ಮರಳಿದ್ದೆಷ್ಟು?

ಸರಳಗನ್ನಡದಲ್ಲಿ ಬರೆದರೆ ವಿಜ್ಞಾನ ತೆಳುವಾಗುತ್ತದೆಂಬುದು ವಿದ್ವಾಂಸರ ಹಳೆಯ ನೆಪ. ಬೋರ್ಡೊ ದ್ರಾವಣವನ್ನೇ ನೋಡಬಹುದು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸಾಲದಿದ್ದರೆ ಅದರಲ್ಲಿ ಅದ್ದಿದ ಹೊಳೆಯುವ ಕತ್ತಿಯ ಮೇಲೆ ತಾಮ್ರದ ಕೆಂಪು ಲೇಪ ಕೂರುತ್ತದೆ. ಹಾಗೆಯೇ ಸಿಂಪಡಿಸಿದರೆ ಎಳೆಗಾಯಿ ಸುಡುತ್ತದೆ. ಕೊನೆಗಾರನಿಗೂ ತಿಳಿಯುವ ಈ ಮಾತಿನಲ್ಲಿ ರಸಾಯನಶಾಸ್ತ್ರ ಎಳ್ಳಷ್ಟೂ ನಷ್ಟವಾಗಿಲ್ಲ. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿ 'ಹಸುರು ಹೊನ್ನು' ಬರೆದಾಗ ಅವರ ಪಾಂಡಿತ್ಯವೇನೂ ಕುಗ್ಗಲಿಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ವಿಶ್ವವಿದ್ಯಾಲಯಗಳು ನಾಚಬೇಕಾದ ಕೆಲಸವಿದು.

ಮೌನದ ಬೆಲೆ ಎಷ್ಟೆಂಬುದನ್ನು ಪಶ್ಚಿಮಘಟ್ಟ ಕಂಡಿದೆ. 2011ರ ಆಗಸ್ಟ್‌ನಲ್ಲಿ ಸಲ್ಲಿಕೆಯಾದ ಗಾಡ್ಗೀಳ್ ಸಮಿತಿಯ ವರದಿ ಮಾಹಿತಿ ಹಕ್ಕಿನ ಹೋರಾಟದ ಬಳಿಕ, 2012ರ ಮೇ ತಿಂಗಳಲ್ಲಷ್ಟೇ ಬಹಿರಂಗವಾಯಿತು, ಅದೂ ಇಂಗ್ಲಿಷಿನಲ್ಲಿ. ಗ್ರಾಮಸಭೆಗಳ ಅಭಿಪ್ರಾಯ ಪಡೆದೇ ಮುಂದುವರಿಯಬೇಕೆಂದು ಹೇಳಿದ ವರದಿ ಆ ಗ್ರಾಮಸಭೆಗಳ ಭಾಷೆಯಲ್ಲಿ ಬರಲಿಲ್ಲ. ಬರಿದಾದ ಜಾಗವನ್ನು ಗಾಳಿಸುದ್ದಿ ತುಂಬಿತು: ಮನೆ ಬಿಡಬೇಕು, ತೋಟ ಬಿಡಬೇಕು. ಓದದ ವರದಿಯ ವಿರುದ್ಧ ಜನ ಬೀದಿಗಿಳಿದರೆ ದೂಷಿಸಬೇಕಾದದ್ದು ಜನರನ್ನೇ?

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಯ 'ಒಂದು ದೇಶ, ಒಂದು ಚಂದಾ' ಯೋಜನೆಗೆ ಒಪ್ಪಿತು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ವಿದೇಶಿ ನಿಯತಕಾಲಿಕಗಳ ಬಾಗಿಲು ತೆರೆಯುವ ಈ ಯೋಜನೆ ಸ್ವಾಗತಾರ್ಹವೇ. ಆದರೆ ತೆರಿಗೆ ತೆತ್ತ ತೋಟಿಗ ಆ ಬಾಗಿಲ ಹೊರಗೇ ನಿಂತಿದ್ದಾನೆ. ಒಳಹೊಕ್ಕರೂ ಭಾಷೆಯ ಇನ್ನೊಂದು ಬಾಗಿಲಿದೆ. 2022ರ ಮಳೆಗಾಲದಲ್ಲಿ ಎಲೆಚುಕ್ಕೆ ರೋಗ ಮಲೆನಾಡಿನ ಅಡಿಕೆ ತೋಟಗಳನ್ನು ಹಬ್ಬಿ ಸುಟ್ಟಾಗ, ರೋಗಾಣು ಯಾವುದು, ಯಾವ ಹವೆಯಲ್ಲಿ ಹರಡುತ್ತದೆ ಎಂಬುದು ಅವನಿಗೆ ಅಂದೇ ಬೇಕಿತ್ತು.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಮಲೆನಾಡಿನ ಮಣ್ಣು, ನೀರು, ಬೆಳೆಯ ಮೇಲೆ ಸಾರ್ವಜನಿಕ ಹಣದಿಂದ ನಡೆದ ಪ್ರತಿ ಮಹಾಪ್ರಬಂಧಕ್ಕೂ ನಾಲ್ಕು ಪುಟದ ಕನ್ನಡ ಸಾರ ಕಡ್ಡಾಯವಾಗಲಿ, ಅಧ್ಯಯನ ನಡೆದ ಊರಿನ ಪಂಚಾಯಿತಿಯಲ್ಲಿ ಅದರ ಪ್ರತಿಯಿರಲಿ. ಅದಿಲ್ಲದೆ ಪದವಿ ಬೇಡ.